ಜಾಂಗಲದೇಶದ ಜನರೂ ಅವರ ನೀರೂ: ಸುರಪುರ ಸೀಮೆಯ ಒಂದು ಚರಿತ್ರವಿಚಾರ

ವೈದ್ಯಗ್ರಂಥಗಳು ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರು ಬಗೆಯಾಗಿ ವಿಂಗಡಿಸಿರುವುದು ಪ್ರಸಿದ್ಧವಾದ ವಿಷಯ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಹೇಳಿರುವ ಜಾಂಗಲದೇಶದ ಲಕ್ಷಣವನ್ನು ಓದಿದವರು ಯಾದಗಿರಿಯ ಸೀಮೆಯನ್ನು ಕಂಡರೆ, ಗ್ರಂಥಕರ್ತನು ಇಲ್ಲಿಯೇ ನಿಂತು ಬರೆದನೋ ಎಂದು ಶಂಕಿಸುವಂತಿದೆ. ವಿರಳವಾದ ಮುಳ್ಳುಮರಗಳು, ಅಲ್ಪವಾದ ಮಳೆ, ಒರತೆ ಬಾವಿಗಳ ನೀರೇ ಗತಿ, ಬಿಸಿಯಾದ ಬಿರುಗಾಳಿ, ಅಲ್ಲೊಂದು ಇಲ್ಲೊಂದು ಕಲ್ಲುಗುಡ್ಡ, ಕೃಶವಾದರೂ ದೃಢವಾದ ಮೈಕಟ್ಟಿನ ಜನ: ಇಷ್ಟೂ ಅಲ್ಲಿ ಹೇಳಿದೆ. ಯಾದಗಿರಿಯಿಂದ ಬಳಿಚಕ್ರದ ಕಡೆಗೆ ಹೋದರೂ, ಭೀಮೆಯನ್ನು ದಾಟಿ ಶಹಾಪುರ ಸುರಪುರಗಳ ಕಡೆಗೆ ಹೋದರೂ ನೆಲದ ಸ್ವಭಾವವು ಹೆಚ್ಚು ಬೇರೆಯಲ್ಲ. ಚರಕನಂತೂ ಆರೋಗ್ಯಕರವಾದ ದೇಶಗಳಲ್ಲಿ ಮರುಭೂಮಿಯನ್ನೇ ಶ್ರೇಷ್ಠವೆಂದೂ, ನೀರು ನಿಂತ ಆನೂಪವನ್ನು ಅಹಿತಗಳಲ್ಲಿ ಮುಖ್ಯವೆಂದೂ ಎಣಿಸಿದ್ದಾನೆ. ನೀರಿಲ್ಲದ ನಾಡು ಆರೋಗ್ಯದ ನಾಡೆಂಬ ಈ ಮಾತು ಇಂದಿನವರಿಗೆ ವಿಪರೀತವಾಗಿ ತೋರಬಹುದು. ಆದರೆ ಈ ಸೀಮೆಯ ಮೂಲಜನರು ಹೊರಗಿನ ರಾಜ್ಯಗಳೊಡನೆಯೂ, ಕಡೆಗೆ ರಾಷ್ಟ್ರದೊಡನೆಯೂ ಪಡೆದ ಸಂಪರ್ಕದಿಂದ ಅವರ ಮೈಯೂ ನೆಲವೂ ಹೇಗೆ ಮಾರ್ಪಟ್ಟುವೆಂಬುದನ್ನು ವಿಚಾರಿಸಹೊರಟವನಿಗೆ ಇದಕ್ಕಿಂತ ಉತ್ತಮವಾದ ಸೂತ್ರವು ದೊರೆಯಲಾರದು. ಏಕೆಂದರೆ ಇಲ್ಲಿ ಆ ಸಂಪರ್ಕವು ಬಹುಮಟ್ಟಿಗೆ ನೀರಿನ ರೂಪದಿಂದಲೇ ಬಂದಿತು. ಈ ಲೇಖನದಲ್ಲಿ ಅದನ್ನೇ ತೋರಿಸಲು ಯತ್ನಿಸಿದೆ.

ಮೊದಲು ಶಬ್ದದ ವಿಚಾರವಾಗಿ ಒಂದು ಮಾತು. ಸಂಸ್ಕೃತದ ಜಾಂಗಲಶಬ್ದವು ಬಯಲು ಒಣನೆಲವನ್ನು ಹೇಳುತ್ತಿದ್ದುದು ದೇಶಭಾಷೆಗಳ ಮೂಲಕ ಇಂಗ್ಲಿಷಿಗೆ ಹೋಗಿ ‘ಜಂಗಲ್’ ಆದಾಗ ದಟ್ಟವಾದ ತೇವದ ಕಾಡೆಂಬ ನೇರ ವಿರುದ್ಧಾರ್ಥವನ್ನು ಪಡೆಯಿತು. ಫ್ರಾನ್ಸಿನ ವಿದ್ವಾಂಸ ಫ್ರಾಂಸಿಸ್ ಜಿಮ್ಮರ್ಮನ್ನರು 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿಪರ್ಯಾಸವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಇದು ಕೇವಲ ವೈಯಾಕರಣರ ವಿನೋದವಲ್ಲ. ‘ಕಾಡುಜನ’ ಎಂದೊಡನೆ ನಾವು ಸಹ್ಯಾದ್ರಿಯ ಹೆಗ್ಗಾಡನ್ನೇ ನೆನೆಯುತ್ತೇವೆ. ಹೀಗಾಗಿ ಎರೆ ಮಸಾರಿಗಳ ಬಯಲಿನಲ್ಲಿ, ಬಂಡೆಗುಡ್ಡಗಳ ಎಡೆಯಲ್ಲಿ ಬೇಟೆಯಾಡಿಕೊಂಡಿದ್ದ ಬೇಡರು ಈ ಬಗೆಯ ಚರ್ಚೆಗಳಲ್ಲಿ ಎಣಿಕೆಗೇ ಬರುವುದಿಲ್ಲ.

ಬೇಡರನ್ನು ನಮ್ಮ ಕಾವ್ಯಗಳು ಮರೆತಿಲ್ಲ. ಬಾಣನ ಕಾದಂಬರಿಯಲ್ಲಿ ವಿಂಧ್ಯಾಟವಿಯ ಶಬರಸೈನ್ಯದ ವರ್ಣನೆಯಿದೆ. ನಾಗವರ್ಮನ ಮೂಲಕ ಅದು ಕನ್ನಡಕ್ಕೂ ಬಂದಿದೆ. ಷಡಕ್ಷರದೇವನು ಶಬರಶಂಕರವಿಲಾಸವನ್ನು ಬರೆದನು. ಕಣ್ಣಪ್ಪನ ಕಥೆಯನ್ನು ಅರಿಯದ ಕನ್ನಡಿಗನಿಲ್ಲ. ಆದರೆ ಕವಿಗಳು ಬೇಡನನ್ನು ಬಿಲ್ಲು, ಬಲೆ, ನಾಯಿ, ಮಾಂಸ ಇವುಗಳಿಂದಲೇ ಗುರುತಿಸುವರು. ಅವನು ಯಾವ ನೀರನ್ನು ಕುಡಿಯುತ್ತಿದ್ದನೆಂದು ಕೇಳುವವರು ಕಡಮೆ. ಕಣ್ಣಪ್ಪನ ಕಥೆಯೊಂದು ಇದಕ್ಕೆ ಅಪವಾದ. ಅವನು ಲಿಂಗದ ಅಭಿಷೇಕಕ್ಕೆ ನೀರನ್ನು ಬಾಯಲ್ಲಿ ತುಂಬಿಕೊಂಡು ತರುತ್ತಾನೆ. ಭಕ್ತಿಯ ಮುಗ್ಧತೆಗೆ ಇದು ನಿದರ್ಶನವೆಂದು ನಾವು ಪಾಠ ಹೇಳುತ್ತೇವೆ, ಸರಿಯೇ. ಕೊಡವಿಲ್ಲದೆ ದೂರದ ಒರತೆಯಿಂದ ನೀರು ತರಬೇಕಾದವನ ಬಾಳುವೆಯೂ ಆ ಚಿತ್ರದಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ.

ಈ ಸೀಮೆಯಲ್ಲಿ ಮನುಷ್ಯನ ವಾಸವು ಎಷ್ಟು ಪುರಾತನವೆಂಬುದು ಈಚಿನ ಅರುವತ್ತು ವರ್ಷಗಳಲ್ಲಿ ಸ್ಪಷ್ಟವಾಗಿದೆ. ಪ್ರಾಚ್ಯಶೋಧಕರಾದ ಕೆ. ಪದ್ದಯ್ಯನವರು ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ಹಳೆಯ ಶಿಲಾಯುಗದ ನೂರಾರು ನೆಲೆಗಳನ್ನು ಗುರುತಿಸಿದರು. ಇಸಾಂಪುರದ ಕಲ್ಲು ಒಡೆಯುವ ನೆಲೆಯು ಸುಮಾರು 12 ಲಕ್ಷ ವರ್ಷಗಳಷ್ಟು ಹಿಂದಿನದೆಂದು ಎಣಿಸಲಾಗಿದೆ. ಬೂದಿಹಾಳದಲ್ಲಿ ಹೊಸ ಶಿಲಾಯುಗದ ಪಶುಪಾಲಕರ ಬೂದಿದಿಬ್ಬವಿದೆ. ನಮ್ಮ ಪ್ರಕೃತ ವಿಷಯಕ್ಕೆ ಉಪಯುಕ್ತವಾದದ್ದು ಅವರ ಇನ್ನೊಂದು ಪರಿಶೀಲನೆ: ಆ ಕಣಿವೆಗಳಲ್ಲಿ ವರ್ಷವೆಲ್ಲ ಒಸರುವ ಚಿಲುಮೆಗಳಿದ್ದು, ಬೇಸಗೆಯಲ್ಲಿ ಜನವು ಅವುಗಳ ಬಳಿ ಒಟ್ಟುಗೂಡಿ, ಮಳೆಗಾಲದಲ್ಲಿ ಚದರಿ ಹೋಗುತ್ತಿದ್ದಿರಬೇಕೆಂದು ಅವರು ಊಹಿಸಿದರು. ಇಂದಿನ ಬೇಡರು ಆ ಶಿಲಾಯುಗದವರ ಸಂತತಿಯೆಂದು ಯಾರೂ ಸಾಧಿಸಿಲ್ಲ, ನಾನೂ ಹೇಳುವುದಿಲ್ಲ. ನೆಲವು ಮಾತ್ರ ಅದೇ; ಒರತೆಯ ನೀರಿನ ಮೇಲೆ ನಿಂತ ಬಾಳುವೆಯ ಕ್ರಮವು ಆ ನೆಲಕ್ಕೆ ಹೊಂದಿಕೊಂಡದ್ದು.

ಬೇಡರನ್ನು ಮೂಲನಿವಾಸಿಗಳೆನ್ನಬಹುದೇ ಎಂದು ಸಂಶಯಪಡುವವರಿದ್ದಾರೆ. ರಾಜ್ಯವಾಳಿದವರು ಗಿರಿಜನರು ಹೇಗೆ ಎಂದು ಅವರ ಪ್ರಶ್ನೆ. ಭಾರತ ಸರಕಾರವು 1991ರ ಕಾನೂನಿನಿಂದ ನಾಯಕ, ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳನ್ನು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಸೇರಿಸಿತು. ಆದರೆ ಚರಿತ್ರಕಾರನಿಗೆ ಪಟ್ಟಿಗಿಂತ ಮುಖ್ಯವಾದದ್ದು ಬೇರೊಂದಿದೆ. ಬೇಟೆ, ಪಶುಪಾಲನೆ, ಕಾವಲು, ದಂಡು ಇವುಗಳಿಂದ ಬದುಕಿದ ಜನವು ತನ್ನ ಗುಡ್ಡಗಳಲ್ಲಿಯೇ ಒಂದು ಸಂಸ್ಥಾನವನ್ನು ಕಟ್ಟಿಕೊಂಡು, ಮೂರು ದೊಡ್ಡ ರಾಜ್ಯಶಕ್ತಿಗಳನ್ನು ಎದುರಿಸಿತು. ಮೂರೂ ಅವರ ನೆಲಕ್ಕೆ ಬಂದವು.

ಮೊದಲನೆಯದು ಮೊಗಲರದು. ಔರಂಗಜೇಬನ ಕಟ್ಟಕಡೆಯ ಮುತ್ತಿಗೆ ನಡೆದದ್ದು ದಿಲ್ಲಿಯ ಸಮೀಪದಲ್ಲಲ್ಲ, ಮರಾಠರ ಯಾವ ದುರ್ಗದ ಮೇಲೂ ಅಲ್ಲ. ಸುರಪುರದ ಬಳಿಯ ವಾಗಿನಗೇರಿಯ ಮೇಲೆ. ಕ್ರಿ.ಶ. 1705ರ ಫೆಬ್ರವರಿಯಿಂದ ಏಪ್ರಿಲ್ ಕೊನೆಯವರೆಗೆ ಪಿಡ್ಡನಾಯಕನ ಬೇಡರು ಚಕ್ರವರ್ತಿಯ ಸ್ವಂತ ಸೈನ್ಯವನ್ನು ತಡೆದರು. ಮೊದಲು ಬಂದ ಸರದಾರರಿಂದ ಕಾರ್ಯವಾಗದೆ ಜುಲ್ಫಿಕರಖಾನನನ್ನು ಕರೆಸಬೇಕಾಯಿತು. ಅವನು ಬಂದ ಮೇಲೆ ಬೇಡರು ನೀರು ಸೇದುತ್ತಿದ್ದ ಬಾವಿಗಳು ಮೊಗಲರ ವಶವಾದವೆಂದು ಆ ಕಾಲದ ಚರಿತ್ರಗ್ರಂಥಗಳಿಂದ ತಿಳಿದುಬರುತ್ತದೆ. ಕೋಟೆಯು ಅನಂತರ ಬಹುದಿನ ನಿಲ್ಲಲಿಲ್ಲ. ನಾಯಕನು ತಪ್ಪಿಸಿಕೊಂಡು ಹೋದನು. ಜಾಂಗಲದೇಶವನ್ನು ಗೆಲ್ಲುವವನು ಗೋಡೆಗಿಂತ ಮೊದಲು ಬಾವಿಯನ್ನು ಗೆಲ್ಲಬೇಕು. ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಗೆದ್ದ ಚಕ್ರವರ್ತಿಯು ಕೃಷ್ಣೆಯ ಕಡೆಗೆ ದೇವಾಪುರದಲ್ಲಿ ಬೀಡುಬಿಟ್ಟು, ಅಲ್ಲಿಯೇ ಕಠಿನವಾದ ಕಾಯಿಲೆ ಬಿದ್ದನು. ಅಕ್ಟೋಬರಿನವರೆಗೆ ಅಲ್ಲಿಂದ ಕದಲಲಾಗಲಿಲ್ಲ. ಎರಡು ವರ್ಷ ತುಂಬುವುದರೊಳಗೆ ಅಹಮದನಗರದಲ್ಲಿ ತೀರಿಕೊಂಡನು. ಬೇಡರು ಮರಳಿ ತಮ್ಮ ಗುಡ್ಡಗಳನ್ನು ಸೇರಿದರು.

ಎರಡನೆಯದು ಇಂಗ್ಲಿಷರ ಸಂಪರ್ಕ. 1840ರ ದಶಕದ ಆರಂಭದಲ್ಲಿ ಬಾಲಕ ರಾಜನಾದ ವೆಂಕಟಪ್ಪನಾಯಕನ ಪರವಾಗಿ ಆಡಳಿತ ನೋಡಲು ಬಂದ ಫಿಲಿಪ್ ಮೆಡೋಸ್ ಟೇಲರನು 1853ರವರೆಗೆ ಸುರಪುರದಲ್ಲಿದ್ದನು. ‘ಠಗ್ಗನ ತಪ್ಪೊಪ್ಪಿಗೆ’ಯೆಂಬ ಕಾದಂಬರಿಯನ್ನು 1839ರಲ್ಲಿ ಬರೆದು ಪ್ರಸಿದ್ಧನಾಗಿದ್ದವನೇ ಇವನು. ರಾಜನಕೋಳೂರಿನ ಬೃಹತ್ ಶಿಲಾಸಮಾಧಿಗಳನ್ನು ವಿದ್ವಾಂಸರ ಗಮನಕ್ಕೆ ತಂದವನೂ ಇವನೇ. ಸುರಪುರದ ಗುಡ್ಡದ ಮೇಲೆ ಇವನ ಬಂಗಲೆಯು ಟೇಲರ್ ಮಂಜಿಲ್ ಎಂದು ಇಂದಿಗೂ ನಿಂತಿದೆ. ದಾರಿಗಳನ್ನು ಮಾಡಿಸಿದನು, ಕಂದಾಯವನ್ನು ಕ್ರಮಕ್ಕೆ ತಂದನು. ಎಲ್ಲಕ್ಕಿಂತ ಮಿಗಿಲಾಗಿ, ನಾಯಕರ ಕಾಲದ ಬೋನಾಳ ಕೆರೆಯನ್ನು ಹಿಗ್ಗಿಸಿ ಕಟ್ಟಿಸಿದನು. ಈಗ ಆ ಕೆರೆಯು ಪಕ್ಷಿಧಾಮವಾಗಿದೆ. ಟೇಲರನು ಬೇಡರನ್ನು ಪ್ರೀತಿಸಿದನೆಂಬುದರಲ್ಲಿ ಸಂದೇಹವಿಲ್ಲ; 1877ರಲ್ಲಿ, ಅವನ ಮರಣಾನಂತರ, ಪ್ರಕಟವಾದ ಆತ್ಮಚರಿತ್ರೆಯನ್ನು ಓದಿದವರಿಗೆ ಅದು ತಿಳಿಯುವುದು. ಆದರೆ ಅವನ ಪ್ರೀತಿಯು ಬೇಡನನ್ನು ಒಕ್ಕಲಿಗನನ್ನಾಗಿ ಮಾಡಬೇಕೆಂಬ ಪ್ರೀತಿ. ಕೆರೆಯ ನೀರು ಗದ್ದೆಗೆ, ಗದ್ದೆಯಿಂದ ಕಂದಾಯ, ಕಂದಾಯದಿಂದ ಶಾಂತಿ ಎಂಬ ಸರಣಿಯಲ್ಲಿ ಬೇಟೆಗಾರನಿಗೆ ಸ್ಥಳವಿರಲಿಲ್ಲ.

ಟೇಲರನು ಹೋದ ಐದನೆಯ ವರ್ಷ, 1858ರ ಫೆಬ್ರವರಿಯಲ್ಲಿ, ವೆಂಕಟಪ್ಪನಾಯಕನು ಇಂಗ್ಲಿಷರ ಮೇಲೆ ಎದ್ದು ಸೋತನು. ಶಿಕ್ಷೆಗೆ ಗುರಿಯಾಗಿ ಸೆರೆಗೆ ಕರೆದೊಯ್ಯುತ್ತಿದ್ದಾಗ ಗುಂಡಿನಿಂದ ಅವನ ಪ್ರಾಣ ಹೋಯಿತು. 1860ರಲ್ಲಿ ಸುರಪುರವು ನಿಜಾಮನ ರಾಜ್ಯಕ್ಕೆ ಸೇರಿತು. ಈ ಪ್ರಸಂಗವನ್ನು ನಮ್ಮವರು ಸ್ವಾತಂತ್ರ್ಯದ ಚರಿತ್ರೆಯಲ್ಲಿ ಮಾತ್ರ ಓದುವರು. ಅದೇ ಕಾಲದ ಇನ್ನೊಂದು ಬೇಡರ ದಂಗೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಬೇರೊಂದು ಅರ್ಥವೂ ಹೊಳೆಯುವುದು. ಮುಧೋಳದ ಹಲಗಲಿಯಲ್ಲಿ 1857ರ ನವೆಂಬರಿನಲ್ಲಿ ಬೇಡರು ಎದ್ದುದಕ್ಕೆ ನೇರವಾದ ಕಾರಣವು ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ. ಹಲಗಲಿಯ ಲಾವಣಿಯನ್ನು ಕನ್ನಡದ ಅಧ್ಯಾಪಕರೆಲ್ಲರೂ ಬಲ್ಲರು. ಆಯುಧವನ್ನು ಮಾನದ ಕುರುಹೆಂದು ವ್ಯಾಖ್ಯಾನಿಸುವುದು ವಾಡಿಕೆ. ಅದು ಒಲೆಯ ಮೇಲಿನ ಗಡಿಗೆಯ ಮಾತೂ ಹೌದು. ಬೇಟೆಯ ಮಾಂಸವೇ ಪುಷ್ಟಿಯಾದ ಆಹಾರವಾಗಿದ್ದ ಮನೆಯಿಂದ ಕೋವಿಯನ್ನೂ ಈಟಿಯನ್ನೂ ಕಸಿದರೆ, ಉಳಿಯುವುದು ಜೋಳದ ರೊಟ್ಟಿ, ಅದೂ ಮಳೆ ಬಂದರೆ. 1876-78ರ ಕ್ಷಾಮದಲ್ಲಿ ಮಳೆ ಬರಲಿಲ್ಲ. ಬಯಲಿನ ಜಿಂಕೆ, ಎರೆಭೂತ ಹಕ್ಕಿ ಇವೂ ಕ್ರಮವಾಗಿ ಕಡಮೆಯಾದುವು. ಬಯಲನ್ನೆಲ್ಲ ನೇಗಿಲು ಹಿಡಿಯಿತು. 1972ರ ವನ್ಯಜೀವಿ ಸಂರಕ್ಷಣೆಯ ಕಾನೂನು ಬರುವ ಹೊತ್ತಿಗೆ ಬೇಟೆಯು ನಿಷೇಧಿಸುವಷ್ಟೂ ಉಳಿದಿರಲಿಲ್ಲವೆನ್ನಬಹುದು.

ಇಲ್ಲಿ ಇನ್ನೊಂದು ಜನವು ನಮ್ಮ ಕಥೆಯೊಳಗೆ ಬರಬೇಕು. ಅವರು ಈ ನೆಲದ ಮೂಲದವರಲ್ಲ. ಎತ್ತುಗಳ ಮೇಲೆ ಉಪ್ಪು ಧಾನ್ಯಗಳನ್ನು ಹೇರಿಕೊಂಡು ದಖ್ಖನವನ್ನೆಲ್ಲ ಸುತ್ತುತ್ತಿದ್ದ ಲಂಬಾಣಿಗರು. ಮೊಗಲರ ದಂಡುಗಳಿಗೆ ಧಾನ್ಯ ಒದಗಿಸಿದವರೂ ಇವರೇ. ಮುಂಬಯಿಯಿಂದ ಕಲಬುರ್ಗಿ, ಯಾದಗಿರಿಗಳ ಮೇಲೆ ರಾಯಚೂರಿಗೆ ಬಂದ ರೈಲುದಾರಿಯು 1871ರಲ್ಲಿ ಮದರಾಸಿನ ದಾರಿಯನ್ನು ಕೂಡಿಕೊಂಡಿತು. ಒಂದು ಗಾಡಿಯು ಒಂದು ದಿನದಲ್ಲಿ ಒಯ್ಯುವ ಸರಕಿನ ಮುಂದೆ ಸಾವಿರ ಎತ್ತುಗಳ ನಡೆಯು ನಿಲ್ಲಲಾರದಾಯಿತು. ಸುತ್ತುತ್ತಿದ್ದವರು ನಿಂತರು. ಒಳ್ಳೆಯ ನೆಲಕ್ಕೆಲ್ಲ ಆಗಲೇ ಒಡೆಯರಿದ್ದುದರಿಂದ ಅವರ ತಾಂಡಗಳು ಕಲ್ಲುನೆಲದ, ಗುಡ್ಡದ ಬುಡದ, ಊರಿನ ಬಾವಿಗೆ ದೂರವಾದ ಜಾಗಗಳಲ್ಲಿ ನೆಲೆಗೊಂಡುವು. ಅದೇ 1871ರಲ್ಲಿ ಬ್ರಿಟಿಷ್ ಇಂಡಿಯದಲ್ಲಿ ಅಪರಾಧಿ ಬುಡಕಟ್ಟುಗಳ ಕಾನೂನು ಹುಟ್ಟಿ, ಅಲೆಯುವವನೆಲ್ಲ ಕಳ್ಳನೆಂಬ ಭಾವನೆಗೆ ಸರಕಾರದ ಮುದ್ರೆ ಬಿದ್ದಿತು. ತಾಂಡವು ನೆಲೆನಿಂತ ಜಾಗವು ಎಂಥದೆಂಬುದು ನೂರು ವರ್ಷಗಳ ಮೇಲೆ ಜೀವನ್ಮರಣದ ಪ್ರಶ್ನೆಯಾಗುವುದಿತ್ತು.

ಆ ವಿಷಯಕ್ಕೆ ಬರುವ ಮೊದಲು ಹಳೆಯ ನೀರಿನ ದೋಷವನ್ನು ಹೇಳದಿದ್ದರೆ ಪಕ್ಷಪಾತವಾಗುವುದು. ಪೂರ್ವಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತೆಂಬ ಮಾತು ನಮ್ಮ ಪಂಡಿತರಿಗೆ ಬಲು ಪ್ರಿಯ. ಈ ಸೀಮೆಯ ಮೆಟ್ಟಿಲಬಾವಿಗಳ ಮಟ್ಟಿಗೆ ಅದು ಸಲ್ಲದು. ಜನರು ಮೆಟ್ಟಿಲಿಳಿದು ನೀರಿನೊಳಗೆ ಕಾಲಿಟ್ಟು ಕೊಡ ತುಂಬುವ ಬಾವಿಗಳಲ್ಲಿ ನಾರುಹುಣ್ಣು ನೆಲೆಸಿತ್ತು. ಭಾವಪ್ರಕಾಶದಲ್ಲಿ ಸ್ನಾಯುಕರೋಗವೆಂದು ಹೇಳಿರುವುದು ಇದೇ. ರೋಗದ ಬಗೆ ಹೀಗೆ: ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದಾದ ಸೈಕ್ಲಾಪ್ಸ್ ಎಂಬ ನೀರುಜೀವಿಯೊಳಗೆ ಹುಳುವಿನ ಮರಿಯಿರುತ್ತದೆ. ಆ ನೀರು ಕುಡಿದವನ ಮೈಯಲ್ಲಿ ಮರಿಯು ಸುಮಾರು ಒಂದು ವರ್ಷ ಬೆಳೆದು, ಎರಡು ಮೂರು ಅಡಿ ಉದ್ದದ ದಾರದಂತಾಗಿ, ಬಹುಶಃ ಕಾಲಿನಲ್ಲಿಯೇ ಬೊಕ್ಕೆಯೆದ್ದು ಹೊರಬರುತ್ತದೆ. ಉರಿಯನ್ನು ತಾಳಲಾರದೆ ರೋಗಿಯು ಕಾಲನ್ನು ನೀರಿನಲ್ಲಿಟ್ಟರೆ ಹುಳುವು ಸಾವಿರಾರು ಮರಿಗಳನ್ನು ಆ ಬಾವಿಗೇ ಬಿಡುತ್ತದೆ. ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೆಂದು ಎಳೆಯುವುದೊಂದೇ ಉಪಾಯ. ಹೊರಬರುವ ಕಾಲವು ಬಿತ್ತನೆಯ ಅಥವಾ ಸುಗ್ಗಿಯ ಕಾಲವಾದರೆ ಮನೆಯ ದುಡಿಮೆಗಾರನು ವಾರಗಟ್ಟಲೆ ನೆಲಹಿಡಿದು, ವರ್ಷದ ಅನ್ನವು ಹೋಗುತ್ತಿತ್ತು. ಮೇಲ್ಜಾತಿಯ ಬಾವಿಗೆ ಬರಗೊಡದ ಜನರು ಬೇಸಗೆಯಲ್ಲಿ ಯಾವ ಗುಂಡಿಯಲ್ಲಿ ನೀರುಳಿದರೆ ಅದನ್ನೇ ಕುಡಿಯಬೇಕಾಗಿದ್ದುದರಿಂದ ಅವರಿಗೆ ಅಪಾಯವು ಇಮ್ಮಡಿ. ಕರ್ನಾಟಕದ ಬಡಗಣ ಜಿಲ್ಲೆಗಳು, ಅವುಗಳಲ್ಲಿ ಅಂದು ಯಾದಗಿರಿಯನ್ನೊಳಗೊಂಡಿದ್ದ ಕಲಬುರ್ಗಿಯೂ ಸೇರಿ, ಈ ರೋಗದ ತವರಾಗಿದ್ದುವು.

ಇದನ್ನು ನಿರ್ಮೂಲ ಮಾಡಿದ ಕೀರ್ತಿಯು ನಿಸ್ಸಂದೇಹವಾಗಿ ಸ್ವತಂತ್ರ ಭಾರತದ್ದು. 1983-84ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವು ಮೊದಲಾಯಿತು. ಮೆಟ್ಟಿಲಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾಡುವುದು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸುವುದು, ಬಾವಿಗೆ ಔಷಧ ಹಾಕುವುದು, ಎಲ್ಲಕ್ಕಿಂತ ಹೆಚ್ಚಾಗಿ ಜನರು ‘ಬೋರಿಂಗು’ ಎನ್ನುವ ಕೈಪಂಪಿನ ಕೊಳವೆಬಾವಿಗಳನ್ನು ಕೊರೆಯಿಸುವುದು, ಇವು ಉಪಾಯಗಳು. ದೇಶದ ಕೊನೆಯ ರೋಗಿಯು 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ರೋಗಮುಕ್ತವೆಂದು ಸಾರಿತು. ಒಂದು ಮದ್ದೂ ಲಸಿಕೆಯೂ ಇಲ್ಲದ ರೋಗವನ್ನು ಕೇವಲ ನೀರಿನ ಕ್ರಮವನ್ನು ಬದಲಿಸಿ ಅಳಿಸಿದರೆಂಬುದು ವೈದ್ಯಚರಿತ್ರೆಯಲ್ಲಿ ಅಪೂರ್ವವಾದ ಸಂಗತಿ. ರಾಷ್ಟ್ರದ ಸಂಪರ್ಕವು ಮೂಲಜನರಿಗೆ ಕೇಡನ್ನೇ ತಂದಿತೆಂದು ಬರೆಯುವವರು ಈ ಅಧ್ಯಾಯವನ್ನು ಮೊದಲು ಓದಬೇಕು.

ಆದರೆ ಔಷಧವಾಗಿ ಬಂದ ಕೊಳವೆಬಾವಿಯು ತನ್ನೊಡನೆ ಇನ್ನೊಂದನ್ನು ತಂದಿತು. ಒರತೆಯ ನೀರು ನೆಲದ ಮೇಲ್ಪದರದ್ದು. ಮಳೆಯಿಂದ ಮಳೆಗೆ ಹೊಸದಾಗುವುದು. ಕೊಳವೆಯು ಮುಟ್ಟಿದ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಬಂಡೆಯ ಸಾರವನ್ನು ಹೀರಿದ್ದು. ಸುರಪುರ ತಾಲ್ಲೂಕಿನಲ್ಲಿ ಮಂಗಳೂರು ಎಂಬ ಗ್ರಾಮವಿದೆ; ಕಡಲತಡಿಯ ಪಟ್ಟಣವಲ್ಲ. ಅಲ್ಲಿಯ ಶಿಲಾಪಟ್ಟಿಯಲ್ಲಿ ಚಿನ್ನವಿದೆ. 19ನೆಯ ಶತಮಾನದ ಕೊನೆಯಿಂದ 20ನೆಯ ಶತಮಾನದ ಆದಿಯವರೆಗೆ ಇಂಗ್ಲಿಷರು ಅಲ್ಲಿ ಗಣಿ ನಡೆಸಿದರು. ಚಿನ್ನದ ಅದಿರಿನೊಡನೆ ಪಾಷಾಣದ ಅದಿರೂ ಸೇರಿರುವುದು ಸಾಮಾನ್ಯ. ನಮ್ಮ ರಸಶಾಸ್ತ್ರದ ಹರಿತಾಳ, ಮನಶ್ಶಿಲೆಗಳು ಈ ಪಾಷಾಣದ ರೂಪಾಂತರಗಳೇ. ಇಂದಿನವರು ಆರ್ಸೆನಿಕ್ ಎನ್ನುವರು. ಕಲ್ಲನ್ನು ಪುಡಿಮಾಡಿ ಚಿನ್ನವನ್ನು ತೆಗೆದುಕೊಂಡವರು ಹೋದರು, ಪುಡಿಯು ಉಳಿಯಿತು. ಸಮೀಪದಲ್ಲಿ ಕಿರದಳ್ಳಿ ತಾಂಡವಿದೆ.

2013ರಲ್ಲಿ ವಿಜ್ಞಾನಿಗಳಾದ ದೀಪಂಕರ ಚಕ್ರವರ್ತಿಯವರೂ ಸಂಗಡಿಗರೂ ಈ ಪ್ರದೇಶದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. 59 ಕೊಳವೆಬಾವಿಗಳ ನೀರಿನಲ್ಲಿ ನೂರಕ್ಕೆ 79ರಷ್ಟು, ಲೀಟರಿಗೆ 10 ಮೈಕ್ರೊಗ್ರಾಂ ಎಂಬ ಮಿತಿಯನ್ನು ಮೀರಿದ್ದುವು, ಅತ್ಯಧಿಕವಾದದ್ದು 303. ಪರೀಕ್ಷಿಸಿದ 181 ಜನರಲ್ಲಿ ನೂರಕ್ಕೆ 58.6ರಷ್ಟು ಮಂದಿಯ ಚರ್ಮದಲ್ಲಿ ಪಾಷಾಣದ ಗುರುತುಗಳಿದ್ದುವು: ಅಂಗೈ ಅಂಗಾಲುಗಳು ಗಂಟುಗಂಟಾಗಿ ಒರಟಾಗುವುದು, ಮೈಮೇಲೆ ಮಚ್ಚೆಗಳೇಳುವುದು. ಚರ್ಮದ ಮಾದರಿ ತೆಗೆದು ನೋಡಿದ ನಾಲ್ವರಲ್ಲಿ ಮೂವರಿಗೆ ಪಾಷಾಣದ ರೋಗವೇ ಎಂದು ದೃಢಪಟ್ಟಿತು. ಮೇಲ್ಮಣ್ಣಿನಲ್ಲಿಯೂ ವಿಷವು ಹೇರಳವಾಗಿ ಸಿಕ್ಕಿತು. ವಾಚಕರು ಇಲ್ಲಿ ಕಾರಣಗಳ ಸರಣಿಯನ್ನು ಗಮನಿಸಬೇಕು. ರೈಲು ಬಂದುದರಿಂದ ಲಂಬಾಣಿಗರ ಅಲೆದಾಟವು ನಿಂತಿತು. ನಿಂತವರಿಗೆ ಕಲ್ಲುನೆಲವೇ ದಕ್ಕಿತು. ಗಣಿಯು ಆ ಕಲ್ಲನ್ನು ಪುಡಿಮಾಡಿ ಚೆಲ್ಲಿತು. ಆರೋಗ್ಯಕ್ಕಾಗಿಯೇ ಕೊರೆದ ಬಾವಿಯು ಅದೇ ಬಂಡೆಯ ನೀರನ್ನು ಅವರ ಕೊಡಕ್ಕೆ ತಂದಿತು. ಇವುಗಳಲ್ಲಿ ಒಂದನ್ನೂ ಅವರಿಗೆ ಕೇಡಾಗಲೆಂದು ಯಾರೂ ಮಾಡಲಿಲ್ಲ. ಅವರನ್ನು ಕೇಳಿಯೂ ಯಾರೂ ಮಾಡಲಿಲ್ಲ. ನಾರುಹುಳುವು ಕಣ್ಣಿಗೆ ಕಾಣುತ್ತಿತ್ತು, ಅದರ ನೋವು ವರ್ಷದೊಳಗೆ ಬರುತ್ತಿತ್ತು. ಪಾಷಾಣಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ಅದರ ಗುರುತು ಕಾಣಿಸಿಕೊಳ್ಳಲು ವರ್ಷಗಳೇ ಬೇಕು. ಆದುದರಿಂದ ಜನರ ಅನುಭವಜ್ಞಾನವು ಇಲ್ಲಿ ನಿಷ್ಪ್ರಯೋಜಕವಾಯಿತು. ಪ್ರಯೋಗಶಾಲೆಯೇ ಹೇಳಬೇಕು, ಅದು ತಡವಾಗಿ ಹೇಳಿತು.

ಇದು ಸುರಪುರದ ದುರ್ದೈವ ಮಾತ್ರವಲ್ಲ. ವಂಗದೇಶದ ಎರಡೂ ಭಾಗಗಳಲ್ಲಿ ಕೆರೆಕುಂಟೆಗಳ ಕೊಳಕು ನೀರಿನಿಂದ ಹರಡುತ್ತಿದ್ದ ವಾಂತಿಭೇದಿಯನ್ನು ತಡೆಯಲೆಂದು ಲಕ್ಷಗಟ್ಟಲೆ ಕೊಳವೆಗಳನ್ನು ನೆಟ್ಟರು. 1980ರ ದಶಕದ ಆದಿಯಲ್ಲಿ ಪಶ್ಚಿಮವಂಗದಲ್ಲಿಯೂ, 1993ರಲ್ಲಿ ಬಾಂಗ್ಲಾದೇಶದಲ್ಲಿಯೂ ಆ ನೀರಿನ ಪಾಷಾಣವು ಬೆಳಕಿಗೆ ಬಂದಿತು. ನಮ್ಮಲ್ಲಿಯೂ ಶಹಾಪುರ, ಸುರಪುರ, ಯಾದಗಿರಿ ತಾಲ್ಲೂಕುಗಳ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡು ಮಿತಿಮೀರಿದೆ. ಮಕ್ಕಳ ಹಲ್ಲು ಕಂದಾಗುವುದು, ದೊಡ್ಡವರ ಎಲುಬು ಗಡುಸಾಗಿ ಬೆನ್ನು ಬಾಗುವುದು ಅದರ ಫಲ. ಇದು 1937ರಷ್ಟು ಹಿಂದೆಯೇ ಮದರಾಸು ಪ್ರಾಂತದ ನೆಲ್ಲೂರಿನಲ್ಲಿ ಗುರುತಾಗಿದ್ದ ರೋಗ; ಕೊರೆಯುವ ಮೊದಲು ತಿಳಿಯದ ವಿಷಯವೇನೂ ಆಗಿರಲಿಲ್ಲ.

ಮೂರನೆಯ ಸಂಪರ್ಕವಾದ ರಾಷ್ಟ್ರದ ದೊಡ್ಡ ಕಾಣಿಕೆ ಇನ್ನೂ ಉಳಿದಿದೆ. 1964ರಲ್ಲಿ ಆಲಮಟ್ಟಿಯಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆಯ ಯೋಜನೆಯಲ್ಲಿ ನಾರಾಯಣಪುರದ ಬಸವಸಾಗರವು 1982ರಲ್ಲಿ ಸಿದ್ಧವಾಯಿತು. ಎಡದಂಡೆಯ ಕಾಲುವೆಯು ಸುರಪುರ ಶಹಾಪುರಗಳ ಎರೆನೆಲಕ್ಕೆ ಕೃಷ್ಣೆಯನ್ನು ತಂದಿತು. ಜೋಳ, ಸಜ್ಜೆ, ತೊಗರಿ ಬೆಳೆಯುತ್ತಿದ್ದಲ್ಲಿ ಬತ್ತದ ಗದ್ದೆಗಳೆದ್ದುವು. ಜಾಂಗಲದೇಶವು ಒಂದು ತಲೆಮಾರಿನೊಳಗೆ ಆನೂಪವಾಯಿತೆನ್ನುವುದು ಅಲಂಕಾರದ ಮಾತಲ್ಲ. ಎರೆಮಣ್ಣು ನೀರನ್ನು ಇಂಗಿಸಿಕೊಳ್ಳದೆ ಹಿಡಿಯುವ ಸ್ವಭಾವದ್ದಾದುದರಿಂದ ಬಸಿಗಾಲುವೆಯಿಲ್ಲದ ಕಡೆ ನೆಲವು ಸವುಳು ಜವುಳಾಯಿತು. ನಿಂತ ನೀರಿನೊಡನೆ ಸೊಳ್ಳೆ ಬಂದು, ಯೋಜನೆಯ ಪ್ರದೇಶದಲ್ಲಿ ಮಲೇರಿಯವು 1990ರ ದಶಕದಲ್ಲಿ ಹಾವಳಿ ಮಾಡಿತು. ಬೀಳುಬಿಟ್ಟ ನೆಲವನ್ನೂ ಹಳ್ಳದ ದಂಡೆಯನ್ನೂ ಬಳ್ಳಾರಿ ಜಾಲಿಯು ಆಕ್ರಮಿಸಿತು. ಚರಕ ಸುಶ್ರುತರು ಸೊಳ್ಳೆಯ ಪಾತ್ರವನ್ನು ಇಂದಿನಂತೆ ತಿಳಿದಿರಲಿಲ್ಲ. ಆದರೆ ದೇಶದ ಸ್ವಭಾವವು ಬದಲಾದರೆ ರೋಗದ ಸ್ವಭಾವವೂ ಬದಲಾಗುವುದೆಂಬುದನ್ನು ತಿಳಿದಿದ್ದರು.

ಕಾಲುವೆಯಿಂದ ಸಂಪತ್ತು ಬಂದಿಲ್ಲವೆಂದಲ್ಲ. ಯಾರಿಗೆ ಬಂದಿತೆಂಬುದೇ ಪ್ರಶ್ನೆ. ಕಾಲುವೆಯ ಕೆಳಗೆ ಹೊಲವುಳ್ಳವನು ಬತ್ತ ಬೆಳೆದನು; ಗುಡ್ಡದ ಬುಡದ ಬೇಡನೂ ತಾಂಡದವನೂ ಅವನ ಗದ್ದೆಯ ಕೂಲಿಯಾದರು, ಇಲ್ಲವೆ ಬೆಂಗಳೂರು, ಮುಂಬಯಿಗಳಿಗೆ ಗುಳೆ ಹೋದರು. ಬೇಟೆಯ ಮಾಂಸವೂ ಸಜ್ಜೆಯ ರೊಟ್ಟಿಯೂ ಹೋದ ಜಾಗಕ್ಕೆ ನ್ಯಾಯಬೆಲೆ ಅಂಗಡಿಯ ಅಕ್ಕಿಯು ಬಂದಿತು. ಹಸಿವು ಅದರಿಂದ ತಗ್ಗಿತು, ಪುಷ್ಟಿಯು ಹೆಚ್ಚಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಯಾದಗಿರಿ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರೆಂದು ಕಂಡುಬಂದಿದೆ. ಕೃಶವಾದರೂ ದೃಢವೆಂದು ಸುಶ್ರುತನು ಹೇಳಿದ ಮೈಯಲ್ಲಿ ಎರಡನೆಯ ವಿಶೇಷಣವು ಲೋಪವಾಗುತ್ತಿದೆ.

ತೆಂಕಣ ಕರ್ನಾಟಕದ ಸೋಲಿಗರ ಸ್ಥಿತಿಯನ್ನು ಇದರೊಡನೆ ಹೋಲಿಸಿದರೆ ಒಂದು ಭೇದವು ಸ್ಪಷ್ಟವಾಗುತ್ತದೆ. ಬಿಳಿಗಿರಿರಂಗನ ಬೆಟ್ಟವನ್ನು 1974ರಲ್ಲಿ ಅಭಯಾರಣ್ಯವೆಂದು ಸಾರಿದ ಮೇಲೆ ಸೋಲಿಗರ ಕುಮರಿ ಬೇಸಾಯವೂ ಬೇಟೆಯೂ, ವರ್ಷಕ್ಕೊಮ್ಮೆ ತರಗಿಗೆ ಸಣ್ಣ ಬೆಂಕಿಯಿಡುವ ಪದ್ಧತಿಯೂ ನಿಂತುವು. ಬೆಂಕಿ ನಿಂತುದರಿಂದಲೇ ಲಂಟಾನದ ಪೊದೆಯು ಕಾಡನ್ನು ಕವಿಯಿತೆಂದು ಸೋಲಿಗರು ಹೇಳುತ್ತಾರೆ. ಪರಿಸರಶಾಸ್ತ್ರಜ್ಞರು ಅದನ್ನು ಈಗ ಗಂಭೀರವಾಗಿ ಪರಿಶೀಲಿಸುತ್ತಿದ್ದಾರೆ. ಆ ಬೆಟ್ಟದಲ್ಲಿ ವೈದ್ಯ ಎಚ್. ಸುದರ್ಶನರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಆರೋಗ್ಯದ ಕೆಲಸ ಮಾಡಿತು. 2011ರಲ್ಲಿ, 2006ರ ಅರಣ್ಯಹಕ್ಕುಗಳ ಕಾನೂನಿನಂತೆ, ಸೋಲಿಗರ ಸಾಮುದಾಯಿಕ ಹಕ್ಕುಗಳಿಗೆ ಪತ್ರವೂ ದೊರೆಯಿತು. ಸೋಲಿಗರಿಂದ ರಾಷ್ಟ್ರವು ಕಾಡನ್ನು ತೆಗೆದುಕೊಂಡಿತು. ಆದಕಾರಣ ಅವರು ಕೇಳಲು ಒಂದು ವಸ್ತುವಿತ್ತು, ಹಿಂದಿರುಗಿಸಲು ಒಂದು ಕಾನೂನೂ ಹುಟ್ಟಿತು. ಸುರಪುರದವರಿಂದ ತೆಗೆದುಕೊಂಡದ್ದಕ್ಕಿಂತ ಅವರಿಗೆ ಕೊಟ್ಟದ್ದೇ ಹೆಚ್ಚು: ಕೆರೆ, ಕೊಳವೆ, ಕಾಲುವೆ. ಕೊಟ್ಟದ್ದರಿಂದ ಕೆಟ್ಟವನು ಯಾವ ನ್ಯಾಯಾಲಯದಲ್ಲಿ ಏನೆಂದು ಮೊರೆಯಿಡಬೇಕು?

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋಧ್ವಂಸವೆಂಬ ಅಧ್ಯಾಯವಿದೆ. ಬೇರೆಬೇರೆ ಪ್ರಕೃತಿಯ, ಆಹಾರದ, ವಯಸ್ಸಿನ ಜನರು ಒಂದೇ ರೋಗದಿಂದ ಒಟ್ಟಿಗೆ ನಾಶವಾಗುವುದು ಹೇಗೆಂದು ಅಗ್ನಿವೇಶನು ಕೇಳುತ್ತಾನೆ. ವಾಯು, ಉದಕ, ದೇಶ, ಕಾಲ ಈ ನಾಲ್ಕು ಎಲ್ಲರಿಗೂ ಸಾಮಾನ್ಯವಾದುವು. ಇವು ಕೆಟ್ಟರೆ ನಾಡೇ ಕೆಡುವುದು ಎಂದು ಆತ್ರೇಯನ ಉತ್ತರ. ಇವುಗಳಲ್ಲಿ ವಾಯುವಿಗಿಂತ ಉದಕವೂ, ಉದಕಕ್ಕಿಂತ ದೇಶವೂ ತಪ್ಪಿಸಿಕೊಳ್ಳಲು ಹೆಚ್ಚು ಕಷ್ಟವೆಂದು ಅವನು ತಾರತಮ್ಯವನ್ನೂ ಹೇಳುತ್ತಾನೆ. ಇವು ಕೆಡಲು ಮೂಲವೇನೆಂದರೆ, ದೇಶದ, ನಗರದ, ಜನಪದದ ಪ್ರಧಾನರು ಧರ್ಮವನ್ನು ಮೀರಿ ನಡೆಯುವುದು, ಅವರ ಆಶ್ರಿತರು ಅದನ್ನು ಬೆಳೆಸುವುದು. ಆಧುನಿಕರು ಈ ಕೊನೆಯ ಮಾತನ್ನು ಪುರಾಣವೆಂದು ತಳ್ಳಿಹಾಕುತ್ತಾರೆ. ಕಿರದಳ್ಳಿಯ ಸಂಗತಿಯನ್ನು ಓದಿದ ಮೇಲೆ ಅದನ್ನು ಅಷ್ಟು ಸುಲಭವಾಗಿ ತಳ್ಳಲು ನನಗೆ ಮನಸ್ಸಾಗುವುದಿಲ್ಲ. ಅಧರ್ಮವೆಂದರೆ ದುಷ್ಟಬುದ್ಧಿಯೇ ಆಗಬೇಕೆಂದಿಲ್ಲ. ಕೊರೆದು ಹೋದ ಬಾವಿಯ ನೀರನ್ನು ಮತ್ತೆ ಬಂದು ನೋಡದಿರುವುದೂ ಅದರೊಳಗೆ ಸೇರುತ್ತದೆ.

ಈ ವಿಷಯದಲ್ಲಿ ಸಾಹಿತ್ಯದ ಅಧ್ಯಾಪಕರಿಂದಲೂ ಆಗಬೇಕಾದ ಕೆಲಸವಿದೆ. ನಮ್ಮ ಶಾಸನಗಳಲ್ಲಿ ಕೆರೆ ಬಾವಿಗಳನ್ನು ಕಟ್ಟಿಸಿದವರ ಹೆಸರಿದೆ, ಆ ನೀರನ್ನು ಕುಡಿದವರ ಮಾತಿಲ್ಲ. ಬೇಡರ ಹಾಡುಗಳಲ್ಲಿ, ತಾಂಡದ ಹೆಂಗಸರ ಹಾಡುಗಳಲ್ಲಿ ಯಾವ ಒರತೆ ಸಿಹಿ, ಯಾವುದು ಸವುಳು, ಯಾವುದನ್ನು ಬೇಸಗೆಯಲ್ಲಿ ಮುಟ್ಟಬಾರದು ಎಂಬ ತಿಳಿವಳಿಕೆ ಎಷ್ಟು ಉಳಿದಿದೆಯೆಂದು ಬಳಿಚಕ್ರದಿಂದ ಹುಣಸಗಿಯವರೆಗೆ ಹಳ್ಳಿಹಳ್ಳಿಯಲ್ಲಿ ಬರೆದುಕೊಳ್ಳಬೇಕು. ಬರೆದುಕೊಳ್ಳುವವರು ಲಂಬಾಣಿ ಮಾತನ್ನು ಬಲ್ಲವರಾದರೆ ಒಳ್ಳೆಯದು. ಆ ಮಾತಿನಲ್ಲಿ ನೀರಿನ ಗುಣವನ್ನು ಹೇಳುವ ಶಬ್ದಗಳು ಯಾವುವೆಂಬುದನ್ನು ನಮ್ಮ ನಿಘಂಟುಗಳಲ್ಲಿ ಹುಡುಕಿ ಪ್ರಯೋಜನವಿಲ್ಲ.